ಹನ್ನೊಂದು ಕಿಲೋಮೀಟರ್

ನಾನು ವಿಶಾಖಪಟ್ಟಣ ಬಂದರಿನಲ್ಲಿ ಸರಕು ಸರ್ವೆಯರ್. ಹಡಗಿನಿಂದ ಇಳಿದ ಸರಕು ನೆನೆದಿದ್ದರೆ, ಒಡೆದಿದ್ದರೆ, ಮುಗ್ಗಿದ್ದರೆ ಅದು ಎಲ್ಲಿ ಕೆಟ್ಟಿತು, ಯಾರ ಕೈಯಲ್ಲಿ ಕೆಟ್ಟಿತು ಎಂದು ಪತ್ತೆ ಮಾಡಿ ವರದಿ ಬರೆಯುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ನನ್ನ ವರದಿಯನ್ನು ಯಾರೂ ಸುಳ್ಳು ಎಂದದ್ದಿಲ್ಲ. ಆದರೆ ನನ್ನ ಸ್ವಂತ ಕಾರಿನ ಎಂಜಿನ್ ಕೆಟ್ಟಾಗ ನಾನು ಹೇಳಿದ್ದು ಸುಳ್ಳು. ಗೊತ್ತಿದ್ದೇ ಹೇಳಿದೆ.

ಕಾರು ಕೊಂಡು ನಾಲ್ಕು ವರ್ಷವಾಗಿತ್ತು. ವಿದೇಶಿ ಕಂಪನಿಯದು. ಬಾಗಿಲು ಮುಚ್ಚಿದರೆ ಹೊರಗಿನ ಸದ್ದೆಲ್ಲ ಅಡಗಿಬಿಡುವಂಥದು. ಶಿಪ್ಪಿಂಗ್ ಕಂಪನಿಗಳ ದೊಡ್ಡವರು ಬಂದಾಗ ಏರ್‌ಪೋರ್ಟಿನಿಂದ ಕರೆತರಲು ಬೇಕಾಗುತ್ತದೆ ಎಂದು ಹೆಂಡತಿಗೆ ಹೇಳಿದ್ದೆ. ಅವಳು ನಕ್ಕಳು. ಮಂಡ್ಯದ ಕಡೆಯ ಹಳ್ಳಿಯಲ್ಲಿ ಕಬ್ಬಿನ ಲಾರಿಗೆ ಜೋತುಬಿದ್ದು ಶಾಲೆಗೆ ಹೋಗುತ್ತಿದ್ದವನಿಗೆ ಇಂಥದೊಂದು ಆಸೆ ಇದ್ದರೆ ತಪ್ಪೇನು, ಸುಮ್ಮನೆ ಒಪ್ಪಿಕೊಳ್ಳಿ ಎಂದಳು.

ಕಾರು ನನ್ನದಾದರೂ ಅದನ್ನು ಸಾಕಿದವರು ನಮ್ಮ ಡ್ರೈವರ್. ನನಗಿಂತ ಹತ್ತು ವರ್ಷ ದೊಡ್ಡವರು, ಶ್ರೀಕಾಕುಳಂ ಕಡೆಯವರು. ಮೊದಲು ಬಂದರಿನಲ್ಲಿ ಲಾರಿ ಓಡಿಸುತ್ತಿದ್ದರು. ನಮ್ಮ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಆ ಕಡೆಯ ಹಳೆಯ ಜನರಂತೆ ನನ್ನನ್ನು ‘ಬಾಬೂ’ ಎನ್ನುತ್ತಿದ್ದರು. ನಾನು ಅವರ ಹೆಸರಿಗೆ ಗೌರವದ ‘ಗಾರು’ ಸೇರಿಸಿಯೇ ಮಾತಾಡಿಸುತ್ತಿದ್ದೆ. ನಮ್ಮಿಬ್ಬರ ಮಾತೆಲ್ಲ ತೆಲುಗಿನಲ್ಲೇ.

ಬಂದರಿನ ಕಲ್ಲಿದ್ದಲ ಧೂಳು ನಮ್ಮ ಊರಿನ ಪ್ರತಿ ಕಿಟಕಿಯ ಮೇಲೂ ಇರುತ್ತದೆ. ಅದು ಎಂಜಿನ್ನಿನೊಳಗೆ ಹೋಗಬಾರದು ಎಂದು ಅವರು ಏರ್ ಫಿಲ್ಟರನ್ನು ಕಂಪನಿ ಹೇಳಿದ್ದಕ್ಕಿಂತ ಮೊದಲೇ ಬದಲಿಸುತ್ತಿದ್ದರು. ಬೀಚ್ ರಸ್ತೆಯಲ್ಲಿ ಓಡಾಡಿ ಬಂದರೆ ಉಪ್ಪುಗಾಳಿ ಹಿಡಿದಿರುತ್ತದೆಂದು ಕಾರಿನ ಹೊಟ್ಟೆಯ ಕೆಳಗೆಲ್ಲ ಸಿಹಿನೀರು ಬಿಡುತ್ತಿದ್ದರು. ಹದಿನೈದು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಿದರೆ ಸಾಕು ಎಂದು ಕಂಪನಿಯ ಪುಸ್ತಕದಲ್ಲಿತ್ತು. ಅವರು ಏಳು ಸಾವಿರಕ್ಕೇ ಬದಲಿಸೋಣ ಎಂದು ಹಟ ಹಿಡಿದರು. “ಅಷ್ಟು ದಿನ ಹಾಕಿದ್ದನ್ನೇ ನಾವೂ ಉಡಲ್ಲ ಬಾಬೂ, ಅದಕ್ಕೆ ಯಾಕೆ?” ಎಂದರು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಹೊರಡುತ್ತಿರಲಿಲ್ಲ. ಒಂದು ನಿಮಿಷ ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತಿರುತ್ತಿದ್ದರು. ಮಾಡಿದ್ದನ್ನೆಲ್ಲ ಒಂದು ಶಾಲೆಯ ನೋಟ್‌ಬುಕ್ಕಿನಲ್ಲಿ ಗುಂಡಗಿನ ತೆಲುಗು ಅಕ್ಷರದಲ್ಲಿ ಬರೆದಿಡುತ್ತಿದ್ದರು. ಅರವತ್ತು ಸಾವಿರ ಕಿಲೋಮೀಟರ್ ಕೂಡ ಆಗಿರಲಿಲ್ಲ ಆ ಕಾರಿಗೆ. ನೋಡಿದವರು ಹೊಸದಾ ಎಂದು ಕೇಳುತ್ತಿದ್ದರು.

ವಿಜಯವಾಡದಲ್ಲಿ ನನ್ನ ಅಕ್ಕ ಇದ್ದಳು. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ನಾಲ್ಕು ವರ್ಷ, ಆಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಭಾವ ರೈಲ್ವೆಯಲ್ಲಿದ್ದರು. ಅವರು ತೀರಿಕೊಂಡ ಮೇಲೂ ಅವಳು ಮಗನ ಜೊತೆ ಅಲ್ಲೇ ಉಳಿದಳು. ಮನೆಯ ಮಹಡಿಯಿಂದ ದೇವಿಯ ಬೆಟ್ಟ ಇಂದ್ರಕೀಲಾದ್ರಿ ಕಾಣುತ್ತಿತ್ತು. ಬೆಳಿಗ್ಗೆ ಎದ್ದು ಬೆಟ್ಟದ ಕಡೆ ಕೈಮುಗಿದ ಮೇಲೇ ಅವಳಿಗೆ ಕಾಫಿ. ಹೊಸ ಕಾರಿನಲ್ಲಿ ಅವಳನ್ನು ಮೊದಲ ಸಲ ಕೂರಿಸಿಕೊಂಡಾಗ ಸೀಟನ್ನು ಒತ್ತಿ ಒತ್ತಿ ನೋಡಿ, “ಇದೇನೋ, ಸೋಫಾನೇ ಹೊತ್ಕೊಂಡು ಓಡ್ತದಲ್ಲೋ,” ಎಂದಿದ್ದಳು. ಡ್ರೈವರ್ ಅವಳನ್ನು ‘ಅಮ್ಮಗಾರು’ ಎನ್ನುತ್ತಿದ್ದರು. ನಾವು ಹೋದಾಗಲೆಲ್ಲ ಅವಳು ಮೊದಲು ಎಲೆ ಹಾಕುತ್ತಿದ್ದದ್ದು ಅವರಿಗೆ. ದೂರ ಓಡಿಸಿಕೊಂಡು ಬಂದವರು ಅವರು, ನೀನು ಹಿಂದೆ ಕೂತು ನಿದ್ದೆ ಮಾಡಿದವನು ಎನ್ನುತ್ತಿದ್ದಳು.

ಅಕ್ಕನಿಗೆ ಹೃದಯದ ಕವಾಟದ ತೊಂದರೆ ಇತ್ತು. ಹೋದ ವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಆರೂವರೆಗೆ ಅಳಿಯನ, ಅಂದರೆ ಅಕ್ಕನ ಮಗನ, ಫೋನ್ ಬಂತು. ಅವನು ಬೆಳೆದದ್ದೆಲ್ಲ ತೆಲುಗಿನಲ್ಲೇ, ಕನ್ನಡ ಅಕ್ಕನ ಜೊತೆ ಮತ್ತು ನನ್ನ ಜೊತೆ ಮಾತ್ರ.

“ಮಾಮಾ, ಅಮ್ಮಗೆ ಉಸಿರು ಆಡ್ತಾ ಇಲ್ಲ ಸರಿಯಾಗಿ. ಹಾಸ್ಪಿಟಲ್‌ಗೆ ತಂದಿದೀವಿ. ಡಾಕ್ಟರು ಏನೂ ಗಟ್ಟಿಯಾಗಿ ಹೇಳ್ತಾ ಇಲ್ಲ. ನಿಮ್ಮನ್ನ ರಮ್ಮನು ಅಂತಿದಾಳೆ... ಬಾ ಅಂತಿದಾಳೆ.”

ಬೆಳಗಿನ ರೈಲು ಹೊರಟುಹೋಗಿತ್ತು. ಡ್ರೈವರಿಗೆ ಫೋನ್ ಮಾಡಿದೆ, ಇಪ್ಪತ್ತು ನಿಮಿಷದಲ್ಲಿ ಬಂದರು. ಏಳಕ್ಕೆ ಹೊರಟೆವು. ರಾಜಮಂಡ್ರಿ ದಾಟಿದಾಗ ಹತ್ತೂವರೆ. ತಾಡೇಪಲ್ಲಿಗೂಡೆಂ ಬಿಟ್ಟು ಸ್ವಲ್ಪ ಮುಂದೆ, ಒಂದು ದೊಡ್ಡ ಪೆಟ್ರೋಲ್ ಬಂಕಿನ ಎದುರು, ಅವರು ಇದ್ದಕ್ಕಿದ್ದಂತೆ ಕಾರನ್ನು ಎಡಕ್ಕೆ ತಂದು ನಿಲ್ಲಿಸಿ ಎಂಜಿನ್ ಆರಿಸಿದರು.

“ಏನಾಯ್ತು?”

“ಆಯಿಲ್ ದೀಪ ಬಂತು ಬಾಬೂ. ಕೆಂಪು ದೀಪ.”

ಅವರು ಇಳಿದು ಕೆಳಗೆ ಬಗ್ಗಿ ನೋಡಿದರು. ಆಯಿಲ್ ಒಂದು ತೊಟ್ಟೂ ಸೋರಿರಲಿಲ್ಲ. ಐದು ನಿಮಿಷ ಬಿಟ್ಟು ಕಾರಿನ ಪರದೆಯಲ್ಲಿ ಆಯಿಲ್ ಅಳತೆ ನೋಡಿದರು. ಪೂರ್ತಿ ಇತ್ತು. ಆದರೂ ಅವರ ಮುಖದಲ್ಲಿ ಸಮಾಧಾನ ಇರಲಿಲ್ಲ.

“ಆಯಿಲ್ ಇದೆ, ಆದರೆ ಮೇಲಕ್ಕೆ ಹೋಗ್ತಿಲ್ಲ ಅನ್ನಿಸುತ್ತೆ. ಗಾಡಿ ಇಲ್ಲೇ ಬಿಡೋಣ ಬಾಬೂ. ಅಲ್ಲಿ ಬಂಕಿನ ಹತ್ತಿರ ಟ್ಯಾಕ್ಸಿ ನಿಂತಿವೆ. ನೀವು ಟ್ಯಾಕ್ಸಿಯಲ್ಲಿ ಹೋಗಿ, ನಾನು ಗಾಡಿ ನೋಡಿಕೊಳ್ತೀನಿ.”

ಬಂಕಿನ ನೆರಳಲ್ಲಿ ಎರಡು ಬಿಳಿ ಟ್ಯಾಕ್ಸಿಗಳಿದ್ದವು. ನಾನು ಅವನ್ನು ನೋಡಿದೆ. ಅಷ್ಟರಲ್ಲೇ ಅಳಿಯನ ಮೆಸೇಜ್ ಬಂದಿತ್ತು, ಎಲ್ಲಿದ್ದೀರ ಎಂದು. ಟ್ಯಾಕ್ಸಿಯವನ ಹತ್ತಿರ ಹೋಗಿ ಮಾತಾಡಿ, ಬ್ಯಾಗ್ ಬದಲಿಸಿ ಹೊರಡುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ಇಷ್ಟು ದೊಡ್ಡ ಕಾರು, ಇಷ್ಟು ಚೆನ್ನಾಗಿ ನೋಡಿಕೊಂಡದ್ದು, ಕೆಡುವುದಾದರೂ ಹೇಗೆ ಎಂಬ ಸೊಕ್ಕೂ ಇತ್ತು.

“ಆಯಿಲ್ ಫುಲ್ ಇದೆಯಲ್ಲ. ಸೆನ್ಸರ್ ಹೋಗಿರಬೇಕು. ನಡೀರಿ,” ಎಂದೆ.

“ಬಾಬೂ, ಕೆಂಪು ದೀಪ...”

“ನಮ್ಮಕ್ಕ ಅಲ್ಲಿ ಸಾಯ್ತಿದಾಳೆ. ನೀವು ಇಲ್ಲಿ ದೀಪ ನೋಡ್ತಿದೀರಿ. ಹೊರಡಿ!”

ಅವರು ಸೀಟಿಗೆ ಹತ್ತಿ ಎಂಜಿನ್ ಶುರು ಮಾಡಿದರು. ಹೊರಟರು. ನಿಧಾನವಾಗಿ ಓಡಿಸುತ್ತಿದ್ದಾರೆ ಅನ್ನಿಸಿ ಮತ್ತೆ ಒಂದು ಸಲ ಗದರಿದೆ. ಹನ್ನೊಂದು ಕಿಲೋಮೀಟರ್ ಹೋದೆವು. ಮೊದಲು ಒಳಗಿನಿಂದ ಟಕಟಕ ಎಂಬ ಸದ್ದು, ಯಾರೋ ಸುತ್ತಿಗೆಯಿಂದ ಬಡಿದ ಹಾಗೆ. ಆ ಕಾರಿನೊಳಗೆ ಎಂಜಿನ್ನಿನ ಸದ್ದು ನನಗೆ ಕೇಳಿಸಿದ್ದು ಅದೇ ಮೊದಲು. ಆಮೇಲೆ ಒಂದು ಅದುರು. ಅಷ್ಟೇ. ಸ್ಟೀರಿಂಗ್ ಕಲ್ಲಾಯಿತು. ಅವರು ಎರಡೂ ಕೈಯಿಂದ ಜಗ್ಗಿ ಕಾರನ್ನು ರಸ್ತೆಯ ಅಂಚಿಗೆ ತಂದರು.

ಎರಡೂ ಕಡೆ ಮೀನಿನ ಕೆರೆಗಳು. ಒಂದು ಮರವಿಲ್ಲ, ಒಂದು ಅಂಗಡಿಯಿಲ್ಲ. ಆ ಬಿಸಿಲಿನಲ್ಲಿ ನಾವಿಬ್ಬರೂ ಕೈ ಅಡ್ಡ ಹಾಕುತ್ತ ನಿಂತೆವು. ಕಾರುಗಳು ವೇಗ ಕಡಿಮೆ ಕೂಡ ಮಾಡದೆ ಹೋದವು. ಸುಮಾರು ಒಂದು ಗಂಟೆಯಾದ ಮೇಲೆ ಮೀನಿನ ಲಾರಿಯೊಂದು ನಿಂತಿತು. ನಾನು ಓಡಿ ಹತ್ತಿಕೊಂಡೆ. ಲಾರಿ ಏಲೂರಿಗೆ ಬರುವ ಹೊತ್ತಿಗೆ ಜೇಬು ಮುಟ್ಟಿಕೊಂಡರೆ ಫೋನಿಲ್ಲ. ಅದು ಕಾರಿನಲ್ಲೇ ಚಾರ್ಜಿಗಿತ್ತು. ಅಳಿಯನ ನಂಬರ್ ನನಗೆ ಬಾಯಿಪಾಠ ಇರಲಿಲ್ಲ.

ಏಲೂರಿನಲ್ಲಿ ಟ್ಯಾಕ್ಸಿ ಹಿಡಿದು ಆಸ್ಪತ್ರೆ ಮುಟ್ಟಿದಾಗ ಮೂರು ಗಂಟೆ ದಾಟಿತ್ತು. ಅಕ್ಕ ಎರಡು ಗಂಟೆಗೆ ಐದು ನಿಮಿಷ ಇರುವಾಗ ಹೋಗಿದ್ದಳು. ಮುಖದ ಮೇಲೆ ಪ್ಲಾಸ್ಟರ್ ಅಂಟಿಸಿದ್ದ ಗುರುತು ಇನ್ನೂ ಕೆಂಪಗಿತ್ತು. ನಾನು ಲೆಕ್ಕ ಹಾಕಿದೆ, ಹಾಕಬಾರದಿತ್ತು. ಬಂಕಿನ ಹತ್ತಿರ ಟ್ಯಾಕ್ಸಿ ಹಿಡಿದಿದ್ದರೆ ಒಂದೂವರೆಗೆ ಅವಳ ಮಂಚದ ಪಕ್ಕದಲ್ಲಿರುತ್ತಿದ್ದೆ.

ಡ್ರೈವರ್ ಬಂದದ್ದು ಸಂಜೆ ಐದೂವರೆಗೆ. ಎಳೆದೊಯ್ಯುವ ಗಾಡಿಯ ಜೊತೆ ಬಂದು, ಕಾರನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬಿಟ್ಟು, ಅಲ್ಲಿಂದ ಆಸ್ಪತ್ರೆಗೆ ಬಂದಿದ್ದರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ನನ್ನ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನು ಕೂಗಾಡತೊಡಗಿದ್ದೆ. ಅಳಿಯ, ಅವನ ಹೆಂಡತಿ, ಅಕ್ಕನ ಬೀದಿಯ ಜನ, ಆಸ್ಪತ್ರೆಯ ಕಾವಲಿನವರು ಎಲ್ಲರ ಎದುರಿಗೆ. ಇದೇನಾ ನೀನು ಗಾಡಿ ನೋಡಿಕೊಂಡದ್ದು, ನಿನ್ನಿಂದ ನನ್ನ ಅಕ್ಕನ ಮುಖ ನೋಡಲಾಗಲಿಲ್ಲ ಎಂದೆ. ಒಂಬತ್ತು ವರ್ಷ ‘ಮೀರು’, ನೀವು, ಎಂದಿದ್ದ ಬಾಯಲ್ಲಿ ಅಂದು ‘ನುವ್ವು’, ನೀನು, ಬಂತು. ಅವರು ತೆರೆದ ಬಾಯನ್ನು ಮುಚ್ಚಿಕೊಂಡರು. ನೀವೇ ಹೊರಡಿ ಎಂದಿರಲ್ಲ ಎಂದು ಅವರು ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಮರುದಿನ ಕೃಷ್ಣೆಯ ದಡದಲ್ಲಿ ಅಕ್ಕನಿಗೆ ಬೆಂಕಿ ಕೊಟ್ಟೆವು. ಅವರು ಬಂದಿದ್ದರು. ದೂರದಲ್ಲಿ ಚಪ್ಪಲಿ ಕಳಚಿ ನಿಂತು ನೋಡಿ, ಯಾರಿಗೂ ಹೇಳದೆ ರೈಲಿನಲ್ಲಿ ವಿಶಾಖಪಟ್ಟಣಕ್ಕೆ ಹೋದರು.

ಕರ್ಮಾಂತರ ಮುಗಿದ ಮೇಲೆ ಸರ್ವಿಸ್ ಸೆಂಟರಿಗೆ ಹೋದೆ. ಎಂಜಿನ್ ಪೂರ್ತಿ ಹಿಡಿದುಕೊಂಡಿದೆ, ಬದಲಿಸಬೇಕು ಎಂದರು. ವಾರಂಟಿ ಇನ್ನೂ ಇತ್ತು. ಅಲ್ಲಿನ ಮ್ಯಾನೇಜರ್ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಕೆಂಪು ದೀಪ ಎಷ್ಟು ಗಂಟೆಗೆ ಬಂತು, ಆಮೇಲೆ ಗಾಡಿ ಎಷ್ಟು ದೂರ ಓಡಿತು, ಎಲ್ಲವನ್ನೂ ಕಾರೇ ಬರೆದಿಟ್ಟುಕೊಂಡಿತ್ತು.

“ದೀಪ ಬಂದ ಮೇಲೆ ಹನ್ನೊಂದು ಕಿಲೋಮೀಟರ್ ಓಡಿಸಿದ್ದಾರೆ ಸಾರ್. ವಾರಂಟಿ ಕೊಡಲ್ಲ. ಡ್ರೈವರ್ ಮಿಸ್ಟೇಕ್. ನೀವು ಕಾರಲ್ಲಿ ಇದ್ರಾ?”

“ಹಿಂದೆ ಕೂತಿದ್ದೆ,” ಎಂದೆ. “ಫೋನಿನಲ್ಲಿದ್ದೆ. ನನ್ನ ಗಮನಕ್ಕೆ ಬರಲಿಲ್ಲ.”

ಅಷ್ಟು ಸರಾಗವಾಗಿ ಹೇಗೆ ಬಂತೋ ಆ ಮಾತು. ತಪ್ಪು ತನ್ನದೆಂದು ಡ್ರೈವರ್ ಬರೆದುಕೊಟ್ಟರೆ ಮೇಲಿನ ಆಫೀಸಿಗೆ ವಿಶೇಷ ಮನವಿ ಕಳಿಸಬಹುದು, ಮಾಲೀಕರ ತಪ್ಪಿಲ್ಲ ಎಂದು ಅವರು ಒಮ್ಮೊಮ್ಮೆ ಪರಿಗಣಿಸುತ್ತಾರೆ ಎಂದ ಮ್ಯಾನೇಜರ್. ವಿಶಾಖಪಟ್ಟಣಕ್ಕೆ ಹೋಗಿ ನಾನೇ ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ವರದಿ ಬರೆಯುವುದು ನನಗೆ ಚೆನ್ನಾಗಿ ಗೊತ್ತು. ಡ್ರೈವರನ್ನು ಮನೆಗೆ ಕರೆಸಿದೆ.

“ಏನು ಬರೆದಿದೆ ಬಾಬೂ?”

“ದೀಪ ಬಂದ ಮೇಲೂ ಗಾಡಿ ನಿಲ್ಲಿಸಲಿಲ್ಲ ಅಂತ.”

ಅವರು ಕಾಗದವನ್ನೇ ನೋಡುತ್ತ ನಿಂತರು. “ನಿಲ್ಲಿಸಿದ್ದೆ ಬಾಬೂ,” ಎಂದರು ಮೆಲ್ಲಗೆ.

“ಅದೆಲ್ಲ ಇದರಲ್ಲಿ ಬರೆಯೋಕಾಗಲ್ಲ.”

ಸಹಿ ಹಾಕಿದರು. ಕಾರಿನ ಇನ್ನೊಂದು ಕೀ ಮತ್ತು ನೋಟ್‌ಬುಕ್ಕನ್ನು ಟೀಪಾಯಿಯ ಮೇಲಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವರು ಹೋದ ಮೇಲೆ ಕೇಳಿದಳು.

“ರೀ, ನಿಲ್ಸಿದ್ದೆ ಅಂದ್ರಲ್ಲ ಅವ್ರು? ಏನದು?”

“ನಿಂಗೆ ಅರ್ಥ ಆಗಲ್ಲ ಬಿಡು.”

ಅಂದಿನಿಂದ ಬಹಳ ದಿನ ಅವಳು ನನ್ನ ಜೊತೆ ಬೇಕಾದ್ದಷ್ಟೇ ಮಾತಾಡಿದಳು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ಮನೆಯವರು ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕೆಂದಿದ್ದರು. ಮೂವರೂ ನನ್ನನ್ನು ಕೇಳಿದರು. “ಒಳ್ಳೆಯವರು, ಆದರೆ ಎಂಜಿನ್ ಅವರ ಕೈಯಲ್ಲೇ ಹೋಯಿತು,” ಎಂದೆ. ಇದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮೂವರೂ ಅವರನ್ನು ಬಿಟ್ಟರು.

ಕಂಪನಿ ಮನವಿಯನ್ನೂ ತಳ್ಳಿಹಾಕಿತು. ಕೊನೆಗೆ ಕಾರನ್ನು ವಿಜಯವಾಡದ ಆಟೋನಗರದಲ್ಲಿ ಒಬ್ಬ ಹಳೆಯ ಮೆಕ್ಯಾನಿಕ್ ಹತ್ತಿರ ಸಾಗಿಸಿದೆವು. ಎಪ್ಪತ್ತು ದಾಟಿದ ಮನುಷ್ಯ, ಬನಿಯನ್ ತೊಟ್ಟು ಸ್ಟೂಲಿನ ಮೇಲೆ ಕೂತು ಕೆಲಸ ಮಾಡುತ್ತಿದ್ದರು. ಎಂಜಿನ್ ಬಿಚ್ಚುವಾಗ ನಾನೂ ಇರಬೇಕೆಂದು ಹೇಳಿ ಕರೆಸಿಕೊಂಡರು.

ಎಂಜಿನ್ನಿನ ತಳದ ತಟ್ಟೆ ಬಿಚ್ಚಿ ಬೆಳಕಿಗೆ ಹಿಡಿದರು. ಆಯಿಲ್ ಹೀರುವ ಕೊಳವೆಯ ಬಾಯಿಗೆ ಟೀ ಸೋಸುವ ಜಾಲರಿಯಂಥದೊಂದು ಇರುತ್ತದೆ. ಅದರ ತುಂಬ ಕಂದು ಬಣ್ಣದ ಪ್ಲಾಸ್ಟಿಕ್ ಚೂರುಗಳು ಸಿಕ್ಕಿಕೊಂಡಿದ್ದವು. ಅವರು ಚಿಮಟದಿಂದ ಒಂದೊಂದನ್ನೇ ಕಿತ್ತು ನನ್ನ ಅಂಗೈಯಲ್ಲಿಟ್ಟರು.

“ಒಳಗೆ ಒಂದು ಚೈನ್ ಇರುತ್ತೆ ಸಾರ್. ಅದು ಅಲುಗಾಡದ ಹಾಗೆ ಪಕ್ಕದಲ್ಲಿ ಒಂದು ಪಟ್ಟಿ. ಇವರು ಅದನ್ನ ಪ್ಲಾಸ್ಟಿಕ್‌ನಲ್ಲಿ ಮಾಡ್ತಾರೆ. ಬಿಸಿಗೆ ಪೆಡಸಾಗಿ ಮುರಿದು ಕೆಳಗೆ ಬಿದ್ದಿದೆ. ಜಾಲರಿ ಕಟ್ಟಿಕೊಂಡಿತು. ಆಯಿಲ್ ತುಂಬ ಇದ್ದರೂ ಮೇಲಕ್ಕೆ ಹೋಗಲಿಲ್ಲ. ಇಂಥದ್ದು ಮೊದಲೂ ನೋಡಿದ್ದೀನಿ.”

ಆಮೇಲೆ ಎಂಜಿನ್ನಿನ ಒಳಗೋಡೆಯ ಮೇಲೆ ಬೆರಳಾಡಿಸಿ ನನಗೆ ತೋರಿಸಿದರು. ಬೆರಳಿಗೆ ಮಸಿ ಹತ್ತಿರಲಿಲ್ಲ. “ಇದನ್ನ ಯಾರು ನೋಡಿಕೊಂಡರೋ, ಊಟದ ತಟ್ಟೆ ಥರ ಇಟ್ಟುಕೊಂಡಿದ್ದಾರೆ. ನಲವತ್ತು ವರ್ಷದಲ್ಲಿ ಇಷ್ಟು ಶುಭ್ರವಾದ ಎಂಜಿನ್ ನಾನು ಹೆಚ್ಚು ಬಿಚ್ಚಿಲ್ಲ. ಪಟ್ಟಿ ಮುರಿಯೋದು ಹೇಗೂ ಮುರೀತಿತ್ತು. ಅದು ಯಾರ ಕೈಲೂ ಇಲ್ಲ. ಆದರೆ ದೀಪ ಬಂದ ಕೂಡಲೇ ನಿಲ್ಲಿಸಿದ್ದರೆ ಎಂಜಿನ್ ಉಳೀತಿತ್ತು. ಯಾಕೆ ಓಡಿಸಿದ?”

ಅಂಗೈಯಲ್ಲಿ ಚೂರುಗಳಿದ್ದವು. ಕಡಲೆಬೀಜದ ಸಿಪ್ಪೆಯಷ್ಟು ಹಗುರ.

“ನಾನು ಓಡಿಸು ಅಂದೆ,” ಎಂದೆ. ಎರಡು ತಿಂಗಳಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದು, ಅದೂ ಪರಿಚಯವಿಲ್ಲದ ಮನುಷ್ಯನಿಗೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಮತ್ತೆ ಕೆಲಸಕ್ಕೆ ಬಗ್ಗಿದರು.

ವಿಶಾಖಪಟ್ಟಣಕ್ಕೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ಇದನ್ನ ನಂಗಲ್ಲ ಹೇಳ್ಬೇಕಾಗಿರೋದು,” ಎಂದಳು. ಡ್ರೈವರ್ ಎಲ್ಲಿದ್ದಾರೆಂದು ಅವಳಿಗೆ ಗೊತ್ತಿತ್ತು. ಅಚ್ಯುತಾಪುರಂನ ಒಂದು ಕಾರ್ಖಾನೆಯ ಲಾರಿ ಗೇಟಿನಲ್ಲಿ ಕಾವಲಿಗಿದ್ದರು. ಅಲ್ಲಿನ ಕಾರ್ಮಿಕರ ಬಸ್ ಓಡಿಸುವ ಕೆಲಸ ಕೇಳಲು ಹೋಗಿದ್ದರಂತೆ. ಹಳೆಯ ಯಜಮಾನರಿಂದ ಪತ್ರ ತಾ ಎಂದರಂತೆ. ನನ್ನ ಹತ್ತಿರ ಬರಲಿಲ್ಲ, ಗೇಟಿನ ಕೆಲಸಕ್ಕೆ ಒಪ್ಪಿಕೊಂಡರು.

ಬಸ್ಸಿನಲ್ಲಿ ಹೋದೆ. ದೊಗಳೆಯಾದ ನೀಲಿ ಯೂನಿಫಾರ್ಮಿನಲ್ಲಿ, ತಗಡಿನ ಮಾಡಿನ ಕೆಳಗೆ ನಿಂತು ಲಾರಿಗಳ ನಂಬರ್ ಬರೆದುಕೊಳ್ಳುತ್ತಿದ್ದರು. ನನ್ನನ್ನು ಕಂಡು ಎದುರಿಗೆ ಬಂದರು. ಕೂರಲು ಇದ್ದ ಒಂದೇ ಕುರ್ಚಿಯನ್ನು ನನಗೆ ಸರಿಸಿದರು. ನಾನು ಕೂರಲಿಲ್ಲ. ಮೆಕ್ಯಾನಿಕ್ ಹೇಳಿದ್ದನ್ನೆಲ್ಲ ಹೇಳಿ, ಚೂರುಗಳನ್ನು ತೋರಿಸಿದೆ. ಅವರು ಒಂದನ್ನು ಎತ್ತಿ ಉಗುರಿನಿಂದ ಗೀಚಿ ನೋಡಿದರು.

“ಇದಾ,” ಎಂದರು. ಅಷ್ಟೇ. ಕೆಟ್ಟದ್ದು ಏನೆಂದು ತಿಳಿಯುವುದಷ್ಟೇ ಅವರಿಗೆ ಬೇಕಿತ್ತು ಎಂಬುದು ಮುಖದಲ್ಲಿ ಕಂಡಿತು.

“ತಪ್ಪು ನನ್ನದು. ನೀವು ನಿಲ್ಲಿಸಿದಿರಿ, ನಾನು ಓಡಿಸಿ ಎಂದೆ. ಆಮೇಲೆ ಸುಳ್ಳು ಹೇಳಿದೆ. ವಾಪಸ್ ಬನ್ನಿ.”

“ಸ್ಟೀರಿಂಗ್ ನನ್ನ ಕೈಲಿತ್ತು ಬಾಬೂ. ನೀವು ಸಂಕಟದಲ್ಲಿದ್ದಿರಿ, ಏನೋ ಅಂದಿರಿ. ಕೀ ಕಿತ್ತುಕೊಂಡು ಕೆಳಗಿಳಿಯಬೇಕಾಗಿದ್ದವನು ನಾನು. ಇಳಿದಿದ್ದರೆ ನೀವು ಟ್ಯಾಕ್ಸಿ ಹತ್ತುತ್ತಿದ್ದಿರಿ. ಅಮ್ಮಗಾರನ್ನು ನೋಡುತ್ತಿದ್ದಿರಿ.” ಚೂರನ್ನು ನನ್ನ ಅಂಗೈಗೆ ಮರಳಿಸಿ ಹೇಳಿದರು, “ಅಮ್ಮಗಾರು ಫೋನ್ ಮಾಡಿದ್ದರು.”

ನನಗೆ ಅರ್ಥವಾಗಲಿಲ್ಲ.

“ನೀವು ಲಾರಿ ಹತ್ತಿ ಹೋದ ಮೇಲೆ. ನಿಮ್ಮ ಫೋನ್ ಕಾರಲ್ಲೇ ಇತ್ತಲ್ಲ. ಹೊಡೆದುಕೊಳ್ತಾನೇ ಇತ್ತು, ಎತ್ತಿದೆ. ಅವರೇ ಮಾತಾಡಿದರು. ಬಾಬು ಬರ್ತಿದಾರಮ್ಮ, ಇನ್ನೊಂದು ಗಂಟೆ ಅಂದೆ. ಉಸಿರು ಸಾಲ್ತಿರಲಿಲ್ಲ ಅವರಿಗೆ. ಅವನಿಗೆ ಮೊದಲಿಂದಲೂ ಆತುರ, ಬೈದರೆ ಮನಸ್ಸಿಗೆ ಹಚ್ಚಿಕೋಬೇಡಿ, ನಿಧಾನವಾಗಿ ಕರ್ಕೊಂಡು ಬನ್ನಿ ಅಂದರು. ನೀವು ಊಟ ಮಾಡಿದಿರಾ ಅಂತ ನನ್ನ ಕೇಳಿದರು. ಆಮೇಲೆ ಯಾರೋ ಫೋನ್ ತಗೊಂಡರು.”

ಆಸ್ಪತ್ರೆಯ ಬಾಗಿಲಲ್ಲಿ ಅವರು ಬಾಯಿ ತೆರೆದದ್ದು ಇದನ್ನು ಹೇಳಲು. ಫೋನಿನಲ್ಲಿ ಆ ಕರೆ ನನಗೆ ಆಮೇಲೆ ಕಂಡಿತ್ತು. ಅಳಿಯ ಮಾಡಿರಬೇಕು, ಡ್ರೈವರ್ ಎತ್ತಿರಬೇಕು ಎಂದುಕೊಂಡು ಕೇಳಿರಲೇ ಇಲ್ಲ. ನಾನು ಆ ಗೇಟಿನ ಪಕ್ಕ, ಲಾರಿಗಳ ಹೊಗೆಯಲ್ಲಿ, ನಿಂತೇ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಲಾರಿಯೊಂದು ಬಂತು, ಹೋಗಿ ನಂಬರ್ ಬರೆದುಕೊಂಡು ಬಂದರು.

ವಾಪಸ್ ಬರಲು ಅವರು ಒಪ್ಪಲಿಲ್ಲ. ಕೋಪವಿರಲಿಲ್ಲ. “ಇನ್ನು ಗಾಡಿ ಓಡಿಸೋಕೆ ಕೈ ಬರಲ್ಲ ಬಾಬೂ,” ಎಂದರು. ಎರಡು ಸಲ ಕೇಳಿದೆ, ಎರಡು ಸಲವೂ ಅದೇ ಮಾತು.

ಮನೆಗೆ ಬಂದು ಆ ದಿನದ ಪೂರ್ತಿ ವರದಿ ಬರೆದೆ. ದೀಪ ಬಂದಾಗ ಡ್ರೈವರ್ ಗಾಡಿ ನಿಲ್ಲಿಸಿದರು, ಹೊರಡಿ ಎಂದು ಒತ್ತಾಯಿಸಿದ್ದು ನಾನು, ಅವರ ಸಹಿಯಿರುವ ಹೇಳಿಕೆಯನ್ನು ಬರೆದದ್ದೂ ನಾನು ಎಂದು. ಚೂರುಗಳ ಫೋಟೋ ಲಗತ್ತಿಸಿ ಕಂಪನಿಗೆ ಕಳಿಸಿದೆ. ಕ್ಲೇಮು ಮುಗಿದಿದೆ, ದಾಖಲೆ ಬದಲಿಸಲಾಗದು ಎಂದು ನಾಲ್ಕು ಸಾಲಿನ ಉತ್ತರ ಬಂತು. ಅದೇ ವರದಿ ಹಿಡಿದು ಅಪಾರ್ಟ್‌ಮೆಂಟಿನ ಆ ಮೂರು ಮನೆಗಳಿಗೂ ಹೋದೆ. ಒಬ್ಬರು ಓದದೆಯೇ ಹಿಂದಿರುಗಿಸಿ, “ಈಗ ಬೇರೆ ಡ್ರೈವರ್ ಸಿಕ್ಕಿದಾರೆ ಸಾರ್, ಬಿಡಿ,” ಎಂದರು. ಇನ್ನೊಬ್ಬರು ಕಾಫಿ ಕೊಟ್ಟು ಕಾರಿನ ವಿಷಯ ಬಿಟ್ಟು ಬೇರೆಲ್ಲ ಮಾತಾಡಿದರು. ಮೂರನೆಯವರ ಮನೆಯಲ್ಲಿ ಆ ಮನೆಯ ಯಜಮಾನತಿ ಪೂರ್ತಿ ಓದಿದರು. ಓದಿ, ಕಾಗದ ಮಡಚಿ ಕೊಟ್ಟು, ಬಾಗಿಲು ಹಾಕಿಕೊಂಡರು.

ಕಾರನ್ನು ರಿಪೇರಿ ಮಾಡಿಸಲಿಲ್ಲ, ಇದ್ದ ಹಾಗೇ ಮಾರಿದೆ. ಅಳಿಯನಿಗೂ ನಿಜ ಹೇಳಿದೆ. ಅವನು ಒಂದೇ ಮಾತು ಕೇಳಿದ, “ಟ್ಯಾಕ್ಸಿ ಎದುರಿಗೇ ಇತ್ತಾ ಮಾಮಾ?” ಇತ್ತು ಎಂದೆ. ಆಮೇಲೆ ಅವನಾಗಿ ಫೋನ್ ಮಾಡುವುದು ಕಡಿಮೆಯಾಯಿತು.

ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಅಚ್ಯುತಾಪುರಂಗೆ ಹೋದಾಗ ಗೇಟಿನಲ್ಲಿ ಬೇರೆ ಮನುಷ್ಯ ಇದ್ದ. ಕಣ್ಣು ಮಂಜಾಗಿ ನಂಬರ್ ಬರೆಯಲು ಆಗುತ್ತಿರಲಿಲ್ಲವಂತೆ, ಊರಿಗೆ ಹೋದರಂತೆ. ಊರು ಯಾವುದು ಎಂದು ಕೇಳಿದೆ. ಶ್ರೀಕಾಕುಳಂ ಕಡೆ ಎಲ್ಲೋ ಎಂದ. ಒಂಬತ್ತು ವರ್ಷ ನಮ್ಮ ಮನೆಯಲ್ಲಿದ್ದವರ ಊರಿನ ಹೆಸರು ನನಗೂ ಅಷ್ಟೇ ಗೊತ್ತಿತ್ತು.